ರೇಕು ಎಂದರೆ ರ‍್ಯಾಕಲ್ಲ

ಆಸ್ಪತ್ರೆಯ ತೋಟದ ಕೆಲಸದ ಗುಡುಗಮ್ಮ ಕೇಳಿದ್ದು ಎಲೆ ಗೋರುವ ರೇಕು. ಬಂದದ್ದು ರ‍್ಯಾಕು. ಆಳೆತ್ತರದ, ಬೂದು ಬಣ್ಣದ ಕಬ್ಬಿಣದ ರ‍್ಯಾಕು, ದಾರಿ ತಪ್ಪಿದ ಬೀರುವಿನ ಹಾಗೆ ಹುಲ್ಲಿನ ಮೇಲೆ ನಿಂತಿತ್ತು.

"ಇದರಲ್ಲಿ ಎಲೆ ಜೋಡಿಸಿಡ್ಬೇಕಂತಾ ಅತ್ತಿಗೆ?" ಎಂದು ಜೊತೆಗೇ ತೋಟದ ಕೆಲಸ ಮಾಡುವ ನಾದಿನಿ ನಕ್ಕಳು.

ಗುಡುಗಮ್ಮನಿಗೆ ನಗು ಬರಲಿಲ್ಲ. ಅವಳ ಕಣ್ಣು ನಾದಿನಿಯ ಬೆರಳಿಗೆ ಸುತ್ತಿದ ಬಟ್ಟೆಯ ಮೇಲಿತ್ತು. ಹಳೆಯ ರೇಕಿನ ಹಲ್ಲೆಲ್ಲ ಉದುರಿ ಬರೀ ಕೋಲು ಉಳಿದಾಗಿನಿಂದ ತೋಟದ ಹೆಂಗಸರು ಬರಿಗೈಯಲ್ಲೇ ಎಲೆ ಬಾಚುತ್ತಿದ್ದರು. ಹೋದ ವಾರ ವಾರ್ಡಿನ ಹಿಂದೆ, ಯಾರೋ ಕಿಟಕಿಯಿಂದ ಎಸೆದ ಇಂಜೆಕ್ಷನ್ ಸೂಜಿ ಎಲೆಯೊಳಗಿಂದ ಆ ಬೆರಳಿಗೆ ಚುಚ್ಚಿತ್ತು. ರಕ್ತಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ಯಾರಿಗೂ ಊಟ ರುಚಿಸುತ್ತಿರಲಿಲ್ಲ.

ಗುಡುಗಮ್ಮ ನೆಟ್ಟಗೆ ಆಸ್ಪತ್ರೆಯ ಸಾಮಾನು ತರಿಸುವ ಸ್ಟೋರಿಗೆ ನಡೆದಳು. ಸ್ಟೋರಿನ ಸಾಹೇಬರು ಕಂಪ್ಯೂಟರಿನ ಮುಂದೆ ಕೂತಿದ್ದರು.

"ನೀನು ಹೇಳಿದ್ದನ್ನೇ ತರಿಸಿದ್ದೀನಲ್ಲಮ್ಮ."

"ನಾನು ರೇಕು ಅಂದೆ ಸಾರ್."

"ಅದೇ. ರ‍್ಯಾಕ್."

"ರ‍್ಯಾಕಲ್ಲ ಸಾರ್, ರೇಕು! ಎಲೆ ಗೋರೋದು. ಉದ್ದ ಕೋಲು, ತುದೀಲಿ ಹಲ್ಲು."

"ಗೋರೋದು ಗೀರೋದು ಅಂದ್ರೆ ಕಂಪ್ಯೂಟರ್ ತಗೊಳ್ಳಲ್ಲ. ಇಂಗ್ಲಿಷೇ ಬೇಕು. ಅರ್ಥಾನೂ ಹಾಕ್ಬೇಕು."

ಅವರು ಕಪಾಟಿನಿಂದ ದಪ್ಪ ನಿಘಂಟು ಇಳಿಸಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. ಹುಬ್ಬು ಮೇಲೇರಿತು.

"ರೇಕ್ ಅಂದ್ರೆ ಲಂಪಟ, ನಡತೆಗೆಟ್ಟವನು ಅಂತಿದೆಯಲ್ಲ!"

"ಅಂಥೋರು ಈ ಆಫೀಸಲ್ಲಿ ಬೇಕಾದಷ್ಟಿದ್ದಾರೆ ಸಾರ್. ಹೊಸಬರನ್ನ ತರಿಸೋದು ಬೇಡ."

ಪಕ್ಕದ ಮೇಜಿನ ಟೈಪಿಸ್ಟ್ ಕೆಮ್ಮಿನೊಳಗೆ ನಗು ಮುಚ್ಚಿಕೊಂಡಳು. ಸಾಹೇಬರಿಗೋ ಆಗಲೇ ನಿಘಂಟಿನ ರುಚಿ ಹತ್ತಿತ್ತು.

"ಎಲೆ ಗೋರುವ ಸಲಕರಣೆ ಅಂತಾನೂ ಇದೆ. ಅದು ತುಂಬಾ ಹಳೇ ಮಾತಂತೆ. ಈ ಲಂಪಟ ಮಾತ್ರ ರೇಕ್‌ಹೆಲ್ ಅನ್ನೋದರಿಂದ ಮೊಟಕಾಗಿ ಬಂದವನು. ನರಕಾನೆಲ್ಲ ಗೋರಿ ಹುಡುಕಿದ್ರೂ ಇಂಥ ಇನ್ನೊಬ್ಬ ಸಿಗಲ್ಲ ಅಂತ! ಎಂಥ ಭಾಷೆ ನೋಡು!"

"ಆ ಎಲೆ ಗೋರೋದೇ ಸಾರ್ ನಮಗೆ ಬೇಕಾದ್ದು. ಅದನ್ನೇ ಹಾಕಿ."

"ಎರಡು ಅರ್ಥ ಇದೆಯಲ್ಲಮ್ಮ. ಯಾವುದು ಅಂತ ಸಮಿತಿ ತೀರ್ಮಾನ ಮಾಡ್ಬೇಕು. ಮುಂದಿನ ತಿಂಗಳು ಸೇರುತ್ತೆ."

ಮುಂದಿನ ತಿಂಗಳು! ಅಷ್ಟರೊಳಗೆ ಇನ್ನೆಷ್ಟು ಬೆರಳು? ಗುಡುಗಮ್ಮನ ಪಿತ್ತ ನೆತ್ತಿಗೇರಿತು. ಈ ಜನಕ್ಕೆ ಪದದ ಜಾತಕ ಬೇಕು, ಕೆಲಸ ಮಾಡುವ ಕೈಯ ಗತಿ ಬೇಡ. ಅವಳು ಹೊರಗೆ ಹೋದಳು. ಎಲೆ ತುಂಬಿದ ಗೋಣಿಚೀಲವನ್ನು ದರದರನೆ ಎಳೆದು ತಂದು ಸಾಹೇಬರ ಮೇಜಿನ ಮೇಲೆ ಸುರಿದಳು. ನಿಘಂಟು, ಕನ್ನಡಕದ ಡಬ್ಬಿ, ಪೆನ್ನು ಎಲ್ಲ ಮುಳುಗಿದವು.

"ವಾರ್ಡಿನ ಹಿಂದಿನ ಎಲೆ ಸಾರ್. ನಿಮ್ಮ ಪೆನ್ನು ಒಳಗಿದೆ. ಕೈ ಹಾಕಿ ತಗೊಳ್ಳಿ."

ಸಾಹೇಬರ ಕೈ ಚಾಚಿತು, ಅರ್ಧದಲ್ಲೇ ನಿಂತಿತು. ಎಲೆಯಡಿ ಏನೋ ಮಿಣುಕಿತ್ತು. ಕೈ ತಾನಾಗಿಯೇ ಜೇಬು ಸೇರಿಕೊಂಡಿತು.

"ನಿನಗೆ ಕೆಲಸ ಬೇಕೋ ಬೇಡ್ವೋ?"

"ಕೆಲಸಾನೂ ಬೇಕು, ಕೈಯೂ ಬೇಕು. ಇವತ್ತಿಂದ ನಾವ್ಯಾರೂ ಎಲೆಗೆ ಕೈ ಹಾಕಲ್ಲ. ರೇಕು ಬರೋವರೆಗೆ ನಾನು ಇಲ್ಲಿಂದ ಏಳಲ್ಲ." ಅವಳು ಸ್ಟೂಲು ಎಳೆದು ಕೂತೇಬಿಟ್ಟಳು.

ಟೈಪಿಸ್ಟ್ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡಿದ್ದಳು. "ತರಿಸಿಬಿಡಿ ಸಾರ್, ನಿಮ್ಮ ದಮ್ಮಯ್ಯ."

ಬೇರೆ ದಾರಿ ಕಾಣದೆ ಸಾಹೇಬರು ಅಂಗಡಿಗೆ ಫೋನು ಹಚ್ಚಿದರು.

"ರೇಕು ಇದೆಯೇನ್ರೀ?... ಬ್ರೇಕಲ್ಲ ರೀ, ರೇಕು!... ಹಲ್ಲಿರುತ್ತಲ್ಲ, ಬಾಚೋದು... ಅಯ್ಯೋ ದೇವರೇ, ಬಾಚಣಿಗೆ ಅಲ್ಲ! ಕನ್ನಡ ಅರ್ಥ ಆಗಲ್ವೇನ್ರೀ ನಿಮಗೆ?"

"ರೇಗಬೇಡಿ ಸಾರ್," ಎಂದಳು ಗುಡುಗಮ್ಮ, ಎಂದೂ ಇಲ್ಲದ ಮೆಲುದನಿಯಲ್ಲಿ. "ನಿಧಾನವಾಗಿ ಬಿಡಿಸಿ ಹೇಳಿ. ನಾನು ಕಾಯ್ತೀನಿ."