ಹೊತ್ತಲ್ಲದ ಹೊತ್ತಿನಲ್ಲಿ ಇಳಿದ ನೀರು

ದೋಣಿ ರಿಪೇರಿ ಮಾಡುವ ಆ ಹಿರಿಯರನ್ನು ಬೀದಿಯವರೆಲ್ಲ ಮಾವ ಎಂದೇ ಕರೆಯುತ್ತಿದ್ದರು. ಸಮುದ್ರದ ನೀರು ಇಳಿದಾಗಲೇ ದೋಣಿಯ ತಳ ಕೈಗೆ ಸಿಗುವುದು. ಅಷ್ಟರಲ್ಲೇ ಪಾಚಿ ಕೆರೆದು, ಬಿರುಕಿಗೆ ಹತ್ತಿ ತುರುಕಿ, ಬಣ್ಣ ಬಳಿದು ಮುಗಿಸಬೇಕು. ಹಾಗಾಗಿ ನೀರು ಇಳಿಯಿತೆಂದರೆ ಮಾವ ಕಲಸಿದ ಅನ್ನವನ್ನೂ ಬಿಟ್ಟು ಓಡುವವರು.

ಅಂದು ಬೆಳಿಗ್ಗೆ ರೇಡಿಯೊ ಎಚ್ಚರಿಸಿತು: ಸಾಗರದ ಆಚೆ ದಡದಲ್ಲಿ ಭಾರಿ ಭೂಕಂಪವಾಗಿದೆ, ಮಧ್ಯಾಹ್ನದ ಹೊತ್ತಿಗೆ ಸುನಾಮಿ ಬರಬಹುದು, ಎತ್ತರದ ಜಾಗಕ್ಕೆ ಹೋಗಿ. ಮಾವ ಮೂಗು ಹಿಡಿದು ವಾರ್ತೆ ಓದುವವರನ್ನು ಅಣಕಿಸಿದರು. ಇಲ್ಲಿ ಲೋಟದ ನೀರೂ ಅಲುಗಲಿಲ್ಲ, ಅಲ್ಲೆಲ್ಲೋ ನಡುಗಿದರೆ ನಮಗ್ಯಾಕೆ ಚಳಿ ಎಂದರು.

ಹನ್ನೊಂದಕ್ಕೆ ನೀರು ಸರಸರನೆ ಹಿಂದೆ ಸರಿಯಿತು. ಎಂದೂ ಕಾಣದ ಬಂಡೆಗಳು ಕಂಡವು. ಮಾವ ಬಣ್ಣದ ಡಬ್ಬ ಎತ್ತಿಕೊಂಡು ಮಗಳನ್ನೂ ಕರೆದುಕೊಂಡು ಹೊರಟರು. ಮನೆಮನೆ ಎಚ್ಚರಿಸುತ್ತ ಬಂದ ನರ್ಸಮ್ಮ ದಡಕ್ಕಿಳಿಯುವ ಮೆಟ್ಟಿಲ ಬಳಿ ಅಡ್ಡ ನಿಂತರು.

"ದಾರಿ ಬಿಡಮ್ಮ. ಸಮುದ್ರಾನೇ ಓವರ್‌ಟೈಮ್ ಕೊಡ್ತಿದೆ, ಬೇಡ ಅನ್ನೋಕಾಗುತ್ತಾ?"

"ಮಾವ, ಇವತ್ತು ನೀರು ಇಳಿಯೋದು ಎಷ್ಟು ಗಂಟೆಗೆ?"

"ಮೂರಕ್ಕೆ."

"ಈಗೆಷ್ಟು?"

ಮಾವ ಡಬ್ಬ ಕೆಳಗಿಟ್ಟರು. ನಲವತ್ತು ವರ್ಷದಲ್ಲಿ ಸಮುದ್ರ ಅವರಿಗೆ ಒಮ್ಮೆಯೂ ಹೊತ್ತು ತಪ್ಪಿಸಿರಲಿಲ್ಲ.

ಹೀಗೆ ಸರಿದ ನೀರು ಅಲೆಯಾಗಿ ಮರಳುತ್ತದೆ ಎಂದು ನರ್ಸಮ್ಮ ಗುಡ್ಡ ಹತ್ತುತ್ತಲೇ ವಿವರಿಸಿದರು. 1960ರಲ್ಲಿ ದೂರದ ಮಹಾಸಾಗರವೊಂದರ ದಡದಲ್ಲಿ ಆದದ್ದು ಅಳತೆಗೆ ಸಿಕ್ಕ ಭೂಕಂಪಗಳಲ್ಲೇ ದೊಡ್ಡದು. ಅದರ ಅಲೆ ಹದಿನೈದು ಗಂಟೆಗಳ ನಂತರ ನಡುಸಾಗರದ ದ್ವೀಪಕ್ಕೂ, ಇಪ್ಪತ್ತೆರಡು ಗಂಟೆಗಳ ನಂತರ ಆ ಸಾಗರದ ಎದುರು ದಡಕ್ಕೂ ಬಡಿದಿತ್ತು. ಮೊದಲ ಅಲೆ ಸಣ್ಣದೆಂದು ದ್ವೀಪದಲ್ಲಿ ಮನೆಗೆ ಮರಳಿದವರೂ ಸತ್ತಿದ್ದರು.

ಗುಡ್ಡದ ಶಾಲೆಯಂಗಳದಿಂದ ಎಲ್ಲರೂ ನೋಡಿದರು. ಮೊದಲ ಅಲೆ ದಡದಲ್ಲಿದ್ದ ಮಾವನ ಶೆಡ್ಡಿನ ಬಾಗಿಲು ಮುಟ್ಟಿ ಹೋಯಿತು. ಒಳಗೆ ಅವರೇ ಕಟ್ಟುತ್ತಿದ್ದ, ಅರ್ಧ ಮುಗಿದ ದೋಣಿಯಿತ್ತು. ಅದನ್ನು ಹಗ್ಗದಿಂದ ಬಿಗಿದು ಬರುತ್ತೇನೆಂದು ಮಾವ ಎದ್ದರು. ಮಗಳು ಅಂಗಿ ಹಿಡಿದಳು.

"ಅಪ್ಪ, ದೋಣಿ ಹೋದ್ರೆ ನೀನು ಇನ್ನೊಂದು ಕಟ್ತೀಯ. ನೀನು ಹೋದ್ರೆ ನಾನು ಎಲ್ಲಿ ರಿಪೇರಿ ಮಾಡಿಸ್ಲಿ?"

ಮಾವ ಕೂತರು. ಮೂರನೆಯ ಅಲೆ ಶೆಡ್ಡನ್ನೂ ದೋಣಿಯನ್ನೂ ಒಟ್ಟಿಗೆ ಎಳೆದೊಯ್ದಿತು. ಬಲೆ ತರಲು ಇಳಿಯುತ್ತಿದ್ದ ಇಬ್ಬರನ್ನು ಆಮೇಲೆ ಅವರೇ ತಡೆದು ಪಕ್ಕದಲ್ಲಿ ಕೂರಿಸಿಕೊಂಡರು.

ದಡದಲ್ಲಿ ಬಾಳುವವರೇ, ನೆಲ ಜೋರಾಗಿ ಅಥವಾ ತುಂಬ ಹೊತ್ತು ನಡುಗಿದರೆ, ನೀರು ಹೊತ್ತಲ್ಲದ ಹೊತ್ತಿನಲ್ಲಿ ಸರಿದರೆ, ಎಚ್ಚರಿಕೆ ಬಂದರೆ, ಯಾವುದಾದರೂ ಒಂದೇ ಸಾಕು, ಎತ್ತರಕ್ಕೆ ನಡೆಯಿರಿ. ಅಪಾಯ ಮುಗಿಯಿತೆಂದು ಅಧಿಕಾರಿಗಳು ಹೇಳುವ ತನಕ ಇಳಿಯಬೇಡಿ. ನಿಮ್ಮ ಬಾಗಿಲಿನಿಂದ ಎತ್ತರದ ಜಾಗಕ್ಕೆ ಎಷ್ಟು ನಿಮಿಷ? ಇವತ್ತು ಸಂಜೆಯೇ ಮನೆಮಂದಿಯೆಲ್ಲ ಒಮ್ಮೆ ನಡೆದು ನೋಡಿ.