ಮೇ ತಿಂಗಳ ರಗ್ಗು

ರೋಗಿಯನ್ನು ನೋಡಲು ಬಂದವನು ಅವನ ನೋವಿನ ಅರವತ್ತರಲ್ಲೊಂದು ಪಾಲನ್ನು ಹೊತ್ತೊಯ್ಯುತ್ತಾನೆ ಎಂದು ಯೆಹೂದಿ ಹಿರಿಯರು ಹೇಳುತ್ತಾರಂತೆ. ನಿವೃತ್ತ ಮಾಸ್ತರ ಚನ್ನಬಸಯ್ಯನವರು ಎಲ್ಲೋ ಓದಿದ್ದರು. ಆ ಹಿರಿಯರು ಮಾಸ್ತರ ಊರಾದ ಆದೋನಿಗೆ ಬಂದವರಲ್ಲ, ಬಿಡಿ. ಇಲ್ಲಿ ಬಂದವರು ಒಂದು ಬ್ರೆಡ್ಡು ಇಟ್ಟು, ಎರಡು ಪಾಲು ನೋವು ಸೇರಿಸಿ ಹೋಗುತ್ತಿದ್ದರು.

"ಪುತ್ತೂರಿನ ನಾಟಿ ವೈದ್ಯರ ಕಟ್ಟು ಕಟ್ಟಿಸಿದ್ರ ಇಷ್ಟೊತ್ತಿಗೆ ಓಡ್ಯಾಡ್ತಿದ್ರಿ," ಎಂದ ಎದುರುಮನೆಯ ಆಂಜಿನೇಯ. ಸೊಂಟದ ಮೂಳೆ ಮುರಿದು ಮಲಗಿದ್ದ ಮಾಸ್ತರು ಹೂಂಗುಟ್ಟಿದರು.

"ಎಲ್ಲಾ ಹಿಂದಿನ ಕರ್ಮ ಸಾರ್," ಎಂದಳು ಅವನ ಹೆಂಡತಿ ಆದಿಲಕ್ಷ್ಮಿ. ಅದಕ್ಕೂ ಹೂಂ.

ಮಾಸ್ತರ ಜೀವವೆಲ್ಲ ರಗ್ಗಿನ ಕೆಳಗಿತ್ತು. ಅರ್ಧ ಗಂಟೆಯ ಹಿಂದೆ ಹಾಸಿಗೆ ಒದ್ದೆಯಾಗಿತ್ತು. ಮಗಳು ಪ್ರತಿಮಾ ಆಫೀಸಿನಿಂದ ಬರುವುದು ಆರಕ್ಕೆ, ಈಗಿನ್ನೂ ಮೂರು. ಮೂವತ್ತು ವರ್ಷ ಇಡೀ ಶಾಲೆಯನ್ನು ಕಣ್ಣಲ್ಲೇ ಹೆದರಿಸಿದ ಮನುಷ್ಯ, ಮೇ ತಿಂಗಳ ಬಿಸಿಲಲ್ಲಿ ಕುತ್ತಿಗೆತನಕ ರಗ್ಗು ಹೊದ್ದು "ಚಳಿ ಐತಿ" ಎಂದು ಸುಳ್ಳು ಹೇಳುತ್ತಿದ್ದರು. ಈ ಗಂಡಹೆಂಡಿರಿಗೆ ಗೊತ್ತಾಗುವುದಕ್ಕಿಂತ ಸಾಯುವುದೇ ಲೇಸು ಅನ್ನಿಸಿತ್ತು.

"ಪಾಪ, ಬೆವರಾಕತ್ತೀರಿ. ತೆಗೀಲೇನ್ರಿ?" ಆದಿಲಕ್ಷ್ಮಿ ರಗ್ಗಿಗೆ ಕೈ ಹಾಕಿದಳು.

"ಬ್ಯಾಡ!"

ಆ ಕೂಗಿಗೇ ಬಾಗಿಲಲ್ಲಿ ನಿಂತಿದ್ದ ಉರುಕುಂದ ಒಳಗೆ ಬಂದ. ಹತ್ತಿ ಮಾರ್ಕೆಟ್ಟಿನ ಹಮಾಲಿ, ಹಳೆಯ ಶಿಷ್ಯ, ಕೊನೆಯ ಬೆಂಚಿನ ದಡ್ಡ. ಬ್ರೆಡ್ಡು ತಂದಿರಲಿಲ್ಲ. ರಗ್ಗು ನೋಡಿದ, ಮಾಸ್ತರ ಮುಖ ನೋಡಿದ.

"ಸಾರ್‌ಗೆ ಎಣ್ಣಿ ತಿಕ್ಕಬೇಕು. ಜರಾ ಹೊರಗ ಕುಂದರ್ರಿ," ಎಂದು ಇಬ್ಬರನ್ನೂ ಎಬ್ಬಿಸಿ ಬಾಗಿಲು ಹಾಕಿದ. ನೀರು ಕಾಸಿದ. ಮಾಸ್ತರನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿ, ತೊಳೆದು, ಒರೆಸಿ, ಒಗೆದ ದುಪ್ಪಟಿ ಹಾಸಿದ. ನೆಲವನ್ನೂ ಸಾರಿಸಿದ. ಮೂಟೆ ಎತ್ತುವ ಆ ಕೈಗಳು ಮುರಿದ ಸೊಂಟವನ್ನು ಒಂದಿಷ್ಟೂ ನೋಯಿಸಲಿಲ್ಲ.

"ನಿನಗ ಬಾಳ ಹೊಡದೀನಲೇ," ಎಂದರು ಮಾಸ್ತರು.

"ಯಾಕ ಹೊಡದ್ರಿ ಅಂಬೋದು ಮರ್ತೀನಿ ಸಾರ್. ಹೇಸಿಗಿಯೊಳಗ ಬಿದ್ದಿದ್ದ ಸನ್ಯಾಸಿಗೆ ಬುದ್ಧ ತಾನ ಬಿಸಿನೀರು ಹಾಕಿ ತೊಳದಾ ಅಂತ ಕತಿ ಹೇಳಿದ್ರಿ. ಅದೊಂದು ನೆನಪೈತಿ."

ಮಾಸ್ತರಿಗೆ ಆ ಕತೆ ಹೇಳಿದ್ದೇ ನೆನಪಿರಲಿಲ್ಲ. ಯಾವುದೋ ಪಿರಿಯಡ್ಡಿನಲ್ಲಿ ಗಂಟೆ ಹೊಡೆಯುವತನಕ ಹೊತ್ತು ಕಳೆಯಲೆಂದು ಹೇಳಿ ಮುಗಿಸಿದ್ದಿರಬೇಕು. ಅದನ್ನು ಇವನು ಇಷ್ಟು ವರ್ಷ ಜೋಪಾನ ಮಾಡಿ, ಇವತ್ತು ತಂದುಕೊಟ್ಟಿದ್ದ. ಮಾಸ್ತರು ಅತ್ತರು, ಶಿಷ್ಯನೆದುರು ಅಳುವುದಕ್ಕೆ ನಾಚಿಕೆಯಾಗಲಿಲ್ಲ.

ಬಾಗಿಲು ತೆರೆದಾಗ ಆದಿಲಕ್ಷ್ಮಿ ಇಣುಕಿದಳು. "ಚಳಿ ಹೋತೇನ್ರಿ ಸಾರ್?"

"ಹೋತವ್ವಾ," ಎಂದರು ಮಾಸ್ತರು. "ಅರವತ್ತು ಪಾಲೂ ಈ ಹಮಾಲಿ ಒಬ್ಬನೇ ಎತ್ತಿದ."