ಆರಾದ ಮೇಲೆ

ಪರೀಕ್ಷೆ ಮುಗಿಯುವ ತನಕ ಯಾರೂ ಮ್ಯಾಟು ದಾಟುವಂತಿಲ್ಲ. ಕರಾಟೆ ಶಾಲೆಯ ಬಾಗಿಲಿರುವುದು ಮ್ಯಾಟಿನ ಆಚೆ. ನಂಜುಂಡಸ್ವಾಮಿಯವರಿಗೆ ಇದು ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು.

"ನಾನು ಕಾರಲ್ಲೇ ಕೂತಿರ್ತೀನಿ ಕಣವ್ವ," ಎಂದು ಮಗಳಿಗೆ ಹೇಳಿಯೇ ಇದ್ದರು.

"ಈ ವಾಲ್ನಟ್ ಕ್ರೀಕ್ ಊರಿನ ಬಿಸಿಲಲ್ಲಿ ಬೆಂದುಹೋಗ್ತೀರ ಅಪ್ಪಾಜಿ. ಮೊಮ್ಮಗಳ ಬೆಲ್ಟ್ ಟೆಸ್ಟು, ಸುಮ್ನೆ ಬನ್ನಿ," ಎಂದು ವಸುಧಾ ಎಳೆದುಕೊಂಡು ಬಂದಿದ್ದಳು.

ಗೋಡೆಯ ಮೇಲೆ ಅಮೆರಿಕದ ಬಾವುಟ, ಅದಕ್ಕೆ ಭುಜ ತಾಗಿಸಿಕೊಂಡು ಜಪಾನಿನದು. ಮೇಷ್ಟ್ರು ಅಮೆರಿಕದವರು. ಅವರ ತಂದೆ ಜಪಾನೀಯರ ಮೇಲೆ ಯುದ್ಧ ಮಾಡಿದವರಂತೆ. ಮಗ ಅಲ್ಲಿಗೇ ಹೋಗಿ ವಿದ್ಯೆ ಕಲಿತು ಬಂದರಂತೆ. ದೇಶ ದೇಶಗಳು ರಾಜಿಯಾಗಿ ನಲವತ್ತು ವರ್ಷವಾಗಿತ್ತು.

ಮಕ್ಕಳು ಜಪಾನಿ ಭಾಷೆಯಲ್ಲಿ ಹತ್ತರವರೆಗೆ ಎಣಿಸುತ್ತ ಗಾಳಿಗೆ ಗುದ್ದಬೇಕು. ಎಂಟು ವರ್ಷದ ನಿರುಪಮಾ ಮುಂದೆ ಬಂದಳು.

"ಇಚಿ! ನಿ! ಸಾನ್!"

ನಂಜುಂಡಸ್ವಾಮಿಯವರ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು. ನಲವತ್ತೆರಡನೇ ಇಸವಿಯಲ್ಲಿ ಸಿಂಗಪುರದಲ್ಲಿ ಇವರಿದ್ದ ಮೈಸೂರು ಪಲ್ಟನ್ನು ಜಪಾನೀಯರಿಗೆ ಸೆರೆಸಿಕ್ಕ ಮೇಲೆ ದಿನಾ ಬೆಳಿಗ್ಗೆ ಸಾಲುನಿಂತು ಹೀಗೆಯೇ ಎಣಿಸಬೇಕಿತ್ತು. ಇವರು ಆರನೆಯವರು. ಏಳನೆಯವನು ಊರಿನ ಗೆಳೆಯ ಸಿದ್ದರಾಜು. ಏಳು ಎನ್ನುವ ಆ ಹಾಳು 'ಶಿಚಿ' ಅವನ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. ಇವರು ತುಟಿ ಅಲುಗಿಸದೆ ಪಿಸುಗುಟ್ಟಿ ಅವನನ್ನು ದಾಟಿಸುತ್ತಿದ್ದರು. ಒಂದು ದಿನ ಕಾವಲಿನವನು ಎದುರಿಗೇ ನಿಂತಿದ್ದ. ಇವರು ಸುಮ್ಮನಾದರು. ಅಂದು ಬಿದ್ದ ಏಟಿಗೆ ಸಿದ್ದರಾಜು ಮತ್ತೆ ಮೇಲೇಳಲಿಲ್ಲ.

"ಜ್ವರ ಬಂದು ಹೋದ" ಎಂದು ಊರಿಗೆ ಮರಳಿದ ಮೇಲೆ ಅವನ ತಾಯಿ ಲಿಂಗಮ್ಮನಿಗೆ ಹೇಳಿದರು. ಆಮೇಲೆ ಯಾರು ಕೇಳಿದರೂ ಅದೇ ಮಾತು.

"ಶಿ! ಗೋ! ರೋಕು!"

ನಿರುಪಮಾ ನಿಂತುಬಿಟ್ಟಳು. ಎತ್ತಿದ ಮುಷ್ಟಿ ಎತ್ತಿದಲ್ಲೇ ಉಳಿಯಿತು. ಮೇಷ್ಟ್ರು ಅವಳತ್ತ ಒಂದು ಹೆಜ್ಜೆ ಇಟ್ಟರು.

"ಶಿಚಿ!"

ಎಲ್ಲರೂ ತಿರುಗಿ ನೋಡಿದರು. ನಂಜುಂಡಸ್ವಾಮಿ ಸಿಪಾಯಿಯ ಹಾಗೆ ನೆಟ್ಟಗೆ ನಿಂತಿದ್ದರು.

"ತಾತಾ! ದಟ್ಸ್ ಚೀಟಿಂಗ್!"

ಅಪ್ಪ ಅಮ್ಮಂದಿರ ಸಾಲು ಗೊಳ್ಳೆಂದಿತು. ಮೇಷ್ಟ್ರೂ ನಗುತ್ತ ಒಂದು ಬೆರಳೆತ್ತಿದರು: ಮತ್ತೆ ಮೊದಲಿಂದ.

ವಸುಧಾ ತೋಳು ಹಿಡಿದು ಕೂರಿಸಿದಳು. "ನಿಮಗೆಲ್ಲಿಂದ ಬಂತು ಅಪ್ಪಾಜಿ, ಜಪಾನೀಸು?"

ರೇಡಿಯೋದಲ್ಲಿ ಕೇಳಿದ್ದೆ ಎನ್ನಬೇಕೆಂದು ಬಾಯಿ ತೆರೆದರು. ಬಾಗಿಲು ಅಲ್ಲೇ, ಮ್ಯಾಟಿನ ಆಚೆಯೇ ಇತ್ತು.

"ಇಚಿ!"

"ಸಿದ್ದರಾಜುಗೆ ಜ್ವರ ಬಂದಿರ್ಲಿಲ್ಲ ಕಣವ್ವ."

"ಯಾರಿಗೆ?" ಎಂದಳು ವಸುಧಾ, ಮಗಳ ಮೇಲಿನ ಕಣ್ಣು ಕೀಳದೆ.

ಎಣಿಕೆ ಆಗಲೇ ನಾಲ್ಕು ದಾಟಿತ್ತು.